ಕೊಳೆ ಬದಿ

ಆಸ್ಪತ್ರೆಯ ಲಾಂಡ್ರಿಗೆ ಎರಡು ಬಾಗಿಲು. ಮುಂದಿನದು ಬಿಳಿ ಬದಿಯ ಬಾಗಿಲು. ಹಿಂದಿನದು, ಕಸದ ತೊಟ್ಟಿಗೆ ಅಂಟಿಕೊಂಡದ್ದು, ಕೊಳೆ ಬದಿಯ ಬಾಗಿಲು. ನಡುವೆ ಮಾಡಿನವರೆಗೂ ಎದ್ದ ಗೋಡೆ. ಆ ಗೋಡೆಯಲ್ಲಿ ಕೂರಿಸಿದ ಒಗೆಯುವ ಮಷೀನುಗಳಿಗೆ ಎರಡೂ ಕಡೆ ಬಾಯಿ. ಈಚೆಯಿಂದ ರಕ್ತ, ಕೀವು, ವಾಂತಿ, ಹೇಲು ಮೆತ್ತಿದ ಬೆಡ್‌ಶೀಟುಗಳನ್ನು ತುರುಕಿದರೆ ಆಚೆಯಿಂದ ಬೆಳ್ಳಗೆ ಹೊರಬರುತ್ತಿದ್ದವು. ಗೋಡೆ ದಾಟುವ ಭಾಗ್ಯ ಬಟ್ಟೆಗೆ ಮಾತ್ರ ಇತ್ತು. ಕೊಳೆ ಬದಿಗೆ ಸೇರಿದ ಹೆಂಗಸು ಕೊಳೆ ಬದಿಯಲ್ಲೇ ಮುದುಕಿಯಾಗುತ್ತಿದ್ದಳು. ಅವಳಿಗೆ ಬೇರೆ ನಲ್ಲಿ, ಬೇರೆ ಕಕ್ಕಸು, ಬೇರೆ ಲೋಟ. ಅಪ್ಪಿತಪ್ಪಿ ಮುಂದಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಕಾವಲಿನವನು ನಾಯಿಯನ್ನು ಓಡಿಸುವ ಹಾಗೆ 'ಹಚಾ' ಎನ್ನುತ್ತಿದ್ದ. ಸೋಂಕಿನ ಭಯ ಎಂದು ಕಾರಣ ಹೇಳುತ್ತಿದ್ದರು. ಸಂಜೆ ಅದೇ ಹೆಂಗಸರು ಅದೇ ಮೈಯಲ್ಲಿ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರಲ್ಲ, ಆ ಸೋಂಕಿನ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ.

ಗಂಟಕ್ಕನ ಕೆಲಸ ಗಂಟು ಬಿಚ್ಚುವುದು. ವಾರ್ಡಿನ ಆಯಾಗಳು ಕೊಳೆ ಬಟ್ಟೆಯನ್ನೆಲ್ಲ ಒಂದು ಶೀಟಿನಲ್ಲಿ ಸುರಿದು ಮೂಲೆಗಳನ್ನು ಬಿಗಿದು ಕಳಿಸುತ್ತಿದ್ದರು. ಆ ಗಂಟು ಬಿಚ್ಚಬೇಕು. ಒಂದೊಂದೇ ಬಟ್ಟೆ ಎಳೆದು ಕೊಡವಬೇಕು. ರಕ್ತದ್ದು ಒಂದು ಕಡೆ, ಹೇಲಿನದು ಒಂದು ಕಡೆ, ಬರೀ ಬೆವರಿನದು ಒಂದು ಕಡೆ ರಾಶಿ ಹಾಕಬೇಕು. ಒಳಗೆ ಏನಿರುತ್ತದೆ ಎಂದು ಗಂಟು ಹೇಳುವುದಿಲ್ಲ. ಹತ್ತಿ ಇರಬಹುದು, ಬ್ಲೇಡು ಇರಬಹುದು. ಒಮ್ಮೆ ಯಾರದೋ ಕತ್ತರಿಸಿದ ಹೆಬ್ಬೆರಳು ಸಿಕ್ಕಿತ್ತು. ಸೂಜಿ ಮಾತ್ರ ದಿನವೂ ಇರುತ್ತಿತ್ತು. ಬ್ಲೀಚಿಂಗ್ ಪೌಡರು ತಿಂದು ಅವಳ ಬೆರಳ ತುದಿಗಳು ನುಣ್ಣಗಾಗಿದ್ದವು. ಅನ್ನ ಕಲಸಿದರೆ ಉರಿ. ಮಗಳ ತಲೆ ಬಾಚಿದರೆ ಕೂದಲು ಬೆರಳ ಸೀಳಿಗೆ ಸಿಕ್ಕಿಕೊಳ್ಳುತ್ತಿತ್ತು. ಅವಳ ನಿಜವಾದ ಹೆಸರು ಲಾಂಡ್ರಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಗಂಟು ಬಿಚ್ಚುವವಳು ಗಂಟಕ್ಕ. ಅಷ್ಟೇ.

ಲಾಂಡ್ರಿಯ ಸೂಪರ್‌ವೈಸರನ್ನು ಎದುರಿಗೆ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಸೀಟಿ. ಕೊರಳಿಗೆ ಸದಾ ಒಂದು ಸೀಟಿ ಕಟ್ಟಿಕೊಂಡಿರುತ್ತಿದ್ದ. ಮನುಷ್ಯರನ್ನು ಬಾಯಿಬಿಟ್ಟು ಕರೆಯುವುದು ಅವನಿಗೆ ದಂಡ ಎನಿಸುತ್ತಿತ್ತು. ಅವನೇನು ಹುಟ್ಟುತ್ತಲೇ ಸೂಪರ್‌ವೈಸರ್ ಆಗಿರಲಿಲ್ಲ. ಗಂಟಕ್ಕನ ಓಣಿಯವನೇ. ಅವಳ ಗಂಡನ ಜೊತೆಗೇ ಗಂಟು ಹೊರುವ ಕೆಲಸಕ್ಕೆ ಸೇರಿದ್ದ. ಜೊತೆಯವನೊಬ್ಬ ಕೆಲಸದಲ್ಲಿ ತನಗಿಂತ ಮುಂದೆ ಹೋದನೆಂದು ಟ್ರಾಲಿಯ ರಾಡು ಕಿತ್ತು ಅವನ ಮೊಣಕೈ ಮುರಿದ. ಮೇಲಿನವರು ನೋಡಿದರು. ಕೆಲಸದಿಂದ ತೆಗೆಯುತ್ತಾರೆ ಎಂದು ಎಲ್ಲರೂ ಕಾದರು. ತೆಗೆದದ್ದು ಮೊಣಕೈ ಮುರಿಸಿಕೊಂಡವನನ್ನು. ಹೊಡೆದವನಿಗೆ ಸೀಟಿ ಕೊಟ್ಟರು. ಇವನಿದ್ದರೆ ಉಳಿದವರು ಓಡುತ್ತಾರೆ ಎಂದು ಲೆಕ್ಕ ಹಾಕಿದರು. ಲೆಕ್ಕ ತಪ್ಪಲಿಲ್ಲ.

ಎದುರು ಮಾತನಾಡಿದವರಿಗೆ ಸೀಟಿ ಒಂದು ಶಿಕ್ಷೆ ಕಂಡುಹಿಡಿದಿದ್ದ. ಅದಕ್ಕೆ 'ಹಾರ' ಎಂದು ಹೆಸರಿಟ್ಟಿದ್ದ. ರಾಶಿಯಲ್ಲೇ ಅತ್ಯಂತ ಹೊಲಸಾದ ಶೀಟು ಹುಡುಕಿ, ಹುರಿ ಮಾಡಿ, ಕೊರಳಿಗೆ ಹಾಕಿ, ಅಂಗಳದ ತುಂಬ ನಡೆಸುವುದು. ಹೆಂಗಸರಿಗೆ ಗ್ಲೌಸು ಕೊಡಿಸಿ ಎಂದು ಕೇಳಿದ್ದಕ್ಕೆ ಗಂಟಕ್ಕನ ಗಂಡನಿಗೆ ಆ ಹಾರ ಬಿತ್ತು. ಅವನು ತಲೆ ತಗ್ಗಿಸಿ ಅಂಗಳ ಸುತ್ತಿದ. ಶೀಟಿನ ನೀರು ಅವನ ಎದೆಯ ಮೇಲೆ ಇಳಿಯುತ್ತಿತ್ತು. ಕೆಲವರು ನಕ್ಕರು. ಉಳಿದವರು ನೆಲ ನೋಡಿದರು. ಗಂಟಕ್ಕ ಗಂಟು ಬಿಚ್ಚುತ್ತಲೇ ಇದ್ದಳು. ಕೈ ನಿಂತರೆ ಕೆಲಸ ಹೋಗುತ್ತದೆ, ಸಾಕಬೇಕಾದ ಕೂಸಿದೆ ಎಂಬುದೊಂದೇ ಅವಳ ತಲೆಯಲ್ಲಿ ಓಡುತ್ತಿತ್ತು. ಮಾರನೇ ದಿನದಿಂದ ಗಂಡ ಲಾಂಡ್ರಿಯ ದಿಕ್ಕಿಗೆ ತಲೆ ಹಾಕಲಿಲ್ಲ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಕೂತು ಚೀಲ, ಚಪ್ಪಲಿ ಹೊಲಿಯತೊಡಗಿದ. ಮಾತು ಮರೆತವನ ಹಾಗಾದ. ಕೇಳಿದರೆ 'ಹೂಂ', ಇಲ್ಲದಿದ್ದರೆ ಅದೂ ಇಲ್ಲ.

ಆ ಮನೆಯಲ್ಲಿ ಬೆಳೆದವಳು ಚೂಟಿ.

ಹೆಸರಿಗೆ ತಕ್ಕ ಹಾಗೆ ಹುಡುಗಿ ಚೂಟಿಯಾಗಿದ್ದಳು. ಶಾಲೆ ಮುಗಿಸಿ ಬೇರೆಲ್ಲೂ ಕೆಲಸ ಸಿಗದೆ ಅಮ್ಮನ ಬೆನ್ನಿಗೆ ಕೊಳೆ ಬದಿಗೇ ಬಂದಳು. ಬಂದ ಹೊಸತರಲ್ಲೇ ಸೀಟಿಯ ಚೇಲಾ ಒಬ್ಬ ಗಂಟು ಎತ್ತಿಕೊಡುವ ನೆಪದಲ್ಲಿ ಅವಳ ಸೊಂಟಕ್ಕೆ ಕೈ ಹಾಕಿದ. ಚೂಟಿ ಕೂಗಲಿಲ್ಲ, ಅಳಲಿಲ್ಲ. ಒದ್ದೆ ಶೀಟನ್ನು ಹುರಿ ಮಾಡಿ ಅವನ ಮುಖಕ್ಕೆ ಬಾರಿಸಿದಳು. ಅವನು ಬಿದ್ದ. ಬಿದ್ದವನಿಗೆ ಇನ್ನೊಂದು ಬಾರಿಸಿದಳು. ಸೀಟಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ. ಹಾರ ಬೀಳುತ್ತದೆ ಎಂದು ಗಂಟಕ್ಕ ಓಡಿ ಬಂದು ಮಗಳ ಮುಂದೆ ನಿಂತಳು. ಸೀಟಿ ನಕ್ಕ.

"ಯಾರ ಮಗಳೇ ಇವಳು? ಆ ಚಪ್ಪಲಿ ಹೊಲಿಯೋನ ಮಗಳಾ? ಸಗಣೀಲಿ ಹುಟ್ಟಿದ ಚೇಳು ಕಣ್ರೋ ಇದು!"

ಕೆಲವೇ ದಿನಗಳಲ್ಲಿ ಚೂಟಿಯನ್ನು ಬಿಳಿ ಬದಿಗೆ ಕರೆದುಕೊಂಡರು. ಅಲ್ಲಿಯವರೆಗೆ ಯಾವ ಹೆಂಗಸೂ ದಾಟದ ಗೋಡೆಯನ್ನು ಗಂಟಕ್ಕನ ಮಗಳು ದಾಟಿದಳು. ಬಿಳಿ ಕೋಟು ಸಿಕ್ಕಿತು. ಆವತ್ತು ಗಂಟಕ್ಕ ಓಣಿಯಲ್ಲಿ ತಲೆಯೆತ್ತಿ ನಡೆದಳು. ಪಕ್ಕದ ಮನೆಯವಳಿಗೆ, ಅಂಗಡಿಯವನಿಗೆ, ಕೇಳಿದವರಿಗೆ, ಕೇಳದವರಿಗೆ ಹೇಳಿದಳು. ಗಂಡನಿಗೆ ಹೇಳಿದಾಗ ಅವನು ಸೂಜಿಗೆ ದಾರ ಪೋಣಿಸುತ್ತಿದ್ದ. "ಹೂಂ" ಎಂದ.

ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಆ ಕಿಂಡಿಯಿಂದ ಗಂಟಕ್ಕ ಮಗಳ ದನಿ ಕೇಳುತ್ತಿದ್ದಳು. ಮೊದಮೊದಲು ನಗು ಕೇಳಿಸುತ್ತಿತ್ತು. ಆಮೇಲೆ ಗದರುವುದು. ಆಮೇಲೆ ಒಂದು ದಿನ ಯಾರೋ ಯಾರನ್ನೋ "ನಿಮ್ಮಪ್ಪನ ಮನೆ ಛತ್ರ ಅಂದ್ಕೊಂಡ್ಯಾ?" ಎಂದು ಬೈಯುವುದು ಕೇಳಿ, ಸೀಟಿ ಇವತ್ತು ಬೇಗ ಬಂದನಲ್ಲ ಎಂದುಕೊಂಡಳು. ಕಿಂಡಿಯಲ್ಲಿ ಇಣುಕಿದರೆ ಸೀಟಿ ಅಲ್ಲಿರಲಿಲ್ಲ. ಚೂಟಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮಡಿಸುವ ಮೇಜಿನ ಹಿಂದೆ ಅವಳಿಗಿಂತ ದೊಡ್ಡ ಹೆಂಗಸೊಬ್ಬಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗಂಟಕ್ಕ ಹಿಂದೆ ಸರಿದಳು.

ಆಮೇಲೆ ಚೂಟಿಯನ್ನು ಮತ್ತೆ ಕೊಳೆ ಬದಿಗೆ ಕಳಿಸಿದರು. ಗಂಟು ಬಿಚ್ಚಲು ಕಳಿಸಲಿಲ್ಲ. ಬಿಚ್ಚುವವರನ್ನು ಕಾಯಲು ಕಳಿಸಿದರು. ಬಿಳಿ ಕೋಟಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಹೆಂಗಸರು ಹಿಗ್ಗಿದರು. ನಮ್ಮವಳೇ ಬಂದಳು, ಇನ್ನಾದರೂ ಗ್ಲೌಸು ಬರುತ್ತದೆ ಎಂದು ಮಾತಾಡಿಕೊಂಡರು. ಚೂಟಿ ಮೊದಲ ದಿನ ಮಾಡಿದ ಕೆಲಸವೆಂದರೆ ಸ್ಟೂಲುಗಳನ್ನೆಲ್ಲ ಎತ್ತಿಸಿ ಆಚೆ ಸಾಗಿಸಿದ್ದು.

"ಏ ಗಂಟಕ್ಕ, ಏನು ನೋಡ್ತೀಯ? ಕೈ ನಡೀಲಿ."

ಗಂಟಕ್ಕ ಸುತ್ತ ನೋಡಿದಳು. ತನಗೇ ಅಂದದ್ದು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮನೆಗೆ ಬಂದ ಮೇಲೆ ಒಲೆಯ ಮುಂದೆ ಕೂತು ಕೇಳಿದಳು. "ಎಲ್ಲರ ಮುಂದೆ ನನ್ನ ಗಂಟಕ್ಕ ಅಂದೆಯಲ್ಲೇ. ನಾಲಿಗೆ ಹೇಗೆ ಬಂತು?"

"ಅಲ್ಲಿ ಅಮ್ಮ ಅಂದ್ರೆ ಯಾರು ನನ್ನ ಮಾತು ಕೇಳ್ತಾರಮ್ಮ? ಸರ್ ಹೇಳಿದ್ದಾರೆ, ಗೇಟಿನ ಒಳಗೆ ನೆಂಟಸ್ತಿಕೆ ತರಬೇಡ ಅಂತ."

"ಸ್ಟೂಲು ಏನು ಪಾಪ ಮಾಡಿತ್ತು?"

"ಕೂತರೆ ಕೈ ಓಡಲ್ಲ."

"ದೊಡ್ಡಮ್ಮನ ಮಂಡಿ ಊದಿ ಕುಂಬಳಕಾಯಿ ಆಗಿದೆ. ಅವಳು ಇಡೀ ದಿನ ಹೇಗೆ ನಿಲ್ತಾಳೆ?"

"ನಿಲ್ಲಕ್ಕಾಗಲ್ಲ ಅಂದ್ರೆ ಮನೇಲಿರ್ಲಿ. ಕಿವೀನೂ ಕೇಳಲ್ಲ, ಕಾಲೂ ನಡಿಯಲ್ಲ, ಅಲ್ಲೇನು ಪೂಜೆಗೆ ಇಟ್ಕೊಂಡಿದ್ದಾರಾ ಅವಳನ್ನ?"

ದೊಡ್ಡಮ್ಮ ಎಂದರೆ ಗಂಟಕ್ಕನಿಗೂ ಮೊದಲು ಕೊಳೆ ಬದಿಗೆ ಬಂದವಳು. ಮಷೀನುಗಳ ಪಕ್ಕದಲ್ಲೇ ಬದುಕು ಸವೆಸಿ ಕಿವಿ ಕಳೆದುಕೊಂಡವಳು. ಚೂಟಿ ಕೂಸಾಗಿದ್ದಾಗ ಹಳೇ ಶೀಟಿನ ತೊಟ್ಟಿಲು ಕಟ್ಟಿ, ಒಂದು ಕೈಯಲ್ಲಿ ತೂಗುತ್ತ ಇನ್ನೊಂದು ಕೈಯಲ್ಲಿ ಗಂಟು ಬಿಚ್ಚಿದವಳು.

"ಅವಳ ತೊಡೆ ಮೇಲೆ ಉಚ್ಚೆ ಹೊಯ್ದು ಬೆಳೆದವಳು ನೀನು," ಎಂದಳು ಗಂಟಕ್ಕ.

ಚೂಟಿ ತಟ್ಟೆ ದೂಡಿದಳು. "ಅಮ್ಮ, ಕಣ್ಣು ಬಿಟ್ಟು ನೋಡು. ಸೀಟೀನೂ ಅಪ್ಪನೂ ಒಂದೇ ದಿನ ಗಂಟು ಹೊರೋಕೆ ಸೇರಿದ್ದು ಅಂತ ನೀನೇ ಹೇಳಿದ್ದು. ಇವತ್ತು ಅವನು ಎಲ್ಲಿದ್ದಾನೆ? ಅಪ್ಪ ಎಲ್ಲಿದ್ದಾನೆ? ಅವನಿಗೆ ಮಹಡಿ ಮನೆ. ನಮಗೆ ಈ ಬಿಲ. ಅಪ್ಪ ಒಳ್ಳೆಯವನೇ. ಒಳ್ಳೆಯವನಾಗಿ ಏನು ಕಡಿದು ಕಟ್ಟೆ ಹಾಕಿದ? ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ. ನಾನು ಬಗ್ಗಲ್ಲ."

"ಬಗ್ಗಬೇಡ ಅಂತ ನಾನೂ ಹೇಳ್ತೀನಿ. ಇನ್ನೊಬ್ಬರನ್ನ ಬಗ್ಗಿಸು ಅಂತ ಯಾರು ಹೇಳಿದ್ದು?"

"ಅಲ್ಲಿರೋದು ಎರಡೇ ಜಾತಿಯಮ್ಮ. ಗುದ್ದೋರು, ಗುದ್ದಿಸ್ಕೊಳ್ಳೋರು. ಮೂರನೇದು ಇದ್ರೆ ತೋರ್ಸು, ನಾಳೆಯಿಂದಾನೇ ಅಲ್ಲಿ ಹೋಗಿ ನಿಲ್ತೀನಿ."

ಮೂಲೆಯಲ್ಲಿ ಗಂಡ ಹೊಲಿಯುವುದನ್ನು ನಿಲ್ಲಿಸಿದ್ದ. ಅವನೇನಾದರೂ ಹೇಳಿಯಾನು ಎಂದು ತಾಯಿ ಮಗಳಿಬ್ಬರೂ ಆ ಕಡೆ ನೋಡಿದರು. ಅವನು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ ಇನ್ನೊಂದು ಚೀಲ ಎತ್ತಿಕೊಂಡ.

ಅಷ್ಟರಲ್ಲಿ ಒಂದು ಸುದ್ದಿ ಹಬ್ಬಿತು. ಊರಿನ ಇನ್ನೊಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯೂ ಇದರ ಜೊತೆಗೇ ಸೇರಲಿದೆ, ಎರಡಕ್ಕೂ ಸೀಟಿಯೇ ಮ್ಯಾನೇಜರ್ ಆಗಲಿದ್ದಾನೆ, ನೋಡಿ ಒಪ್ಪಿಗೆ ಕೊಡಲು ಆಸ್ಪತ್ರೆಗಳ ದೊಡ್ಡವರು ಬರಲಿದ್ದಾರೆ. ಲಾಂಡ್ರಿಗೆ ಸುಣ್ಣ ಬಿತ್ತು. ಕೊಳೆ ಬದಿಯ ಗೋಡೆಗೆ ಮೊಳೆ ಹೊಡೆದು ಹೊಸ ಗ್ಲೌಸು ನೇತುಹಾಕಿದರು. ಹಳದಿ ರಬ್ಬರಿನವು. ಮೊಣಕೈವರೆಗೂ ಬರುವಂಥವು. ಹೆಂಗಸರು ಅವುಗಳನ್ನು ಒಡವೆ ನೋಡುವ ಹಾಗೆ ನೋಡಿದರು. ಒಬ್ಬಳು ಕೈ ಚಾಚಿದಳು.

"ಮುಟ್ಟಬೇಡ," ಎಂದಳು ಚೂಟಿ. "ಅವು ನೋಡೋಕೆ."

ದೊಡ್ಡವರು ಬರುವ ಬೆಳಿಗ್ಗೆ ಮಷೀನುಗಳು ಎಂದಿಗಿಂತ ಜೋರಾಗಿ ಗುಡುಗುತ್ತಿದ್ದವು. ಶೆಕೆಗೆ ಗೋಡೆ ಬೆವರುತ್ತಿತ್ತು. ದೊಡ್ಡಮ್ಮ ಒಂದು ಭಾರದ ಗಂಟು ಎಳೆಯುತ್ತಿದ್ದಳು. ತನಗೆ ದಾರಿ ಬಿಡಲಿ ಎಂದು ಸೀಟಿ ಬಾಗಿಲಿನಿಂದ ಊದಿದ. ಎಲ್ಲರೂ ಗೋಡೆಗೆ ಅಂಟಿ ನಿಂತರು. ದೊಡ್ಡಮ್ಮನಿಗೆ ಕೇಳಲಿಲ್ಲ. ಅವನು ಮತ್ತೆ ಊದಿದ. ಅವಳು ಅವನಿಗೆ ಬೆನ್ನು ಹಾಕಿ ಎಳೆಯುತ್ತಲೇ ಇದ್ದಳು. ಗಂಟು ಹರಿಯಿತು. ಒಳಗಿನ ಹೊಲಸು ನೀರು ಹೊಸದಾಗಿ ತೊಳೆದ ನೆಲದ ಮೇಲೆ ಹರಿದು ಸೀಟಿಯ ಬೂಟಿನ ತುದಿಗೆ ಮುಟ್ಟಿತು.

ಅವನು ಬೂಟು ನೋಡಿದ. ದೊಡ್ಡಮ್ಮನನ್ನು ನೋಡಿದ. ಆಮೇಲೆ ಚೂಟಿಯನ್ನು ನೋಡಿದ.

"ಹಾರ ಹಾಕು."

ಚೂಟಿ ಅಲುಗಲಿಲ್ಲ.

"ಕಿವಿ ನಿನಗೂ ಹೋಯ್ತಾ? ನಾಳೆಯಿಂದ ನಾನು ಆಚೆ ಆಸ್ಪತ್ರೇಲೂ ಇರ್ಬೇಕು. ಇಲ್ಲಿ ನನ್ನ ಜಾಗದಲ್ಲಿ ಯಾರನ್ನ ನಿಲ್ಲಿಸ್ಲಿ ಅಂತ ಯೋಚನೆ ಮಾಡ್ತಿದ್ದೀನಿ. ನಿನ್ನನ್ನೋ, ಬೇರೆಯವರನ್ನೋ?"

ಚೂಟಿ ಬಗ್ಗಿ ಶೀಟು ಎತ್ತಿದಳು. ಹುರಿ ಮಾಡಿದಳು. ದೊಡ್ಡಮ್ಮನ ಎದುರು ಹೋಗಿ ಕೊರಳಿಗೆ ಹಾಕಿದಳು. ದೊಡ್ಡಮ್ಮನಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಹುಡುಗಿ ಏನೋ ಹಿಡಿದುಕೊಳ್ಳಲು ಕೊಡುತ್ತಿದ್ದಾಳೆ ಎಂದುಕೊಂಡು ಶೀಟಿನ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದಳು. ನಗುತ್ತ ಕೇಳಿದಳು.

"ಏನು ಮಗಾ? ಎಲ್ಲಿಗೆ ಹಾಕ್ಲಿ ಇದನ್ನ?"

ಚೂಟಿ ಅವಳ ಬೆನ್ನಿಗೆ ಕೈಯಿಟ್ಟು ಅಂಗಳದ ಕಡೆ ನೂಕಿದಳು.

ದೊಡ್ಡಮ್ಮ ಮುಗ್ಗರಿಸುತ್ತ ಬಿಸಿಲಿಗೆ ಹೋದಳು. ಚೇಲಾಗಳ ನಗು ಕೇಳಿದ ಮೇಲೆ, ಕೇಳಿದ ಮೇಲಲ್ಲ, ಅವರ ಹಲ್ಲು ಕಂಡ ಮೇಲೆ ಅವಳಿಗೆ ಅರ್ಥವಾಯಿತು. ಮುಖದ ನಗು ಹಾಗೆಯೇ ಉಳಿಯಿತು. ಎಲ್ಲಿಡಬೇಕೆಂದು ತಿಳಿಯದ ಸಾಮಾನಿನ ಹಾಗೆ ಅದು ಅಲ್ಲೇ ಉಳಿಯಿತು.

ಗಂಟಕ್ಕನ ಕೈ ನಿಂತಿತು.

ಮುಂದೆ ಅರ್ಧ ಬಿಚ್ಚಿದ ಗಂಟಿತ್ತು. ಅವಳು ಅದರ ಮೂಲೆಗಳನ್ನು ಮತ್ತೆ ಸೇರಿಸಿದಳು. ಎಳೆದು ಬಿಗಿದಳು. ಇನ್ನೊಮ್ಮೆ ಬಿಗಿದಳು. ಅಂಗಳಕ್ಕೆ ನಡೆದು ದೊಡ್ಡಮ್ಮನ ಕೊರಳಿನಿಂದ ಶೀಟು ತೆಗೆದು ನೆಲಕ್ಕೆ ಬಿಸಾಡಿದಳು. ಒಳಗೆ ಬಂದು ಗಂಟನ್ನು ತಲೆಯ ಮೇಲೆ ಹೊತ್ತು ಹೊರಟಳು.

"ಎಲ್ಲಿಗೇ?" ಎಂದ ಸೀಟಿ.

ಅವಳು ಕಟ್ಟಡ ಸುತ್ತಿ ಮುಂದಿನ ಬಾಗಿಲಿಗೆ ಹೋದಳು. ಕಾವಲಿನವನು 'ಹಚಾ' ಎಂದ. ಅವಳು ಮೆಟ್ಟಿಲು ಹತ್ತಿದಳು. ಅವನು ಅಡ್ಡ ಬಂದ. ಗಂಟಿನಿಂದ ಏನೋ ತೊಟ್ಟಿಕ್ಕಿ ಅವಳ ಕಿವಿಯ ಹಿಂದೆ ಇಳಿಯುತ್ತಿತ್ತು. ಅದನ್ನು ನೋಡಿ ಅವನು ಕೈ ಹಿಂದಕ್ಕೆಳೆದುಕೊಂಡ. ಹಿಂದೆ ಓಡಿ ಬಂದ ಸೀಟಿಯ ಚೇಲಾಗಳೂ ಮುಟ್ಟಲಿಲ್ಲ. ಮುಟ್ಟಬಾರದವಳು ಎಂದು ಇಷ್ಟು ವರ್ಷ ಅವಳಿಗೆ ಕಲಿಸಿದವರು ಅವರೇ. ಈಗ ಅದೇ ಅವಳಿಗೆ ದಾರಿಯಾಯಿತು.

ಬಿಳಿ ಬದಿಯ ಒಳಗನ್ನು ಅವಳು ಕಿಂಡಿಯಿಂದಲ್ಲದೆ ನೋಡಿದ್ದು ಅದೇ ಮೊದಲು. ಕಿಟಕಿಗಳಿದ್ದವು. ಫ್ಯಾನುಗಳಿದ್ದವು. ತಮ್ಮ ಸ್ಟೂಲುಗಳು ಅಲ್ಲಿದ್ದವು. ಇಸ್ತ್ರಿಯಾದ ಬಟ್ಟೆಯ ಬಿಸಿ ವಾಸನೆ ಅವಳ ಕಣ್ಣಲ್ಲಿ ನೀರು ತರಿಸಿತು. ಅದು ಅಳುವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಗಷ್ಟೇ ಬಂದಿಳಿದ ದೊಡ್ಡವರು ಮೂಗು ಬಾಯಿ ಮುಚ್ಚಿಕೊಂಡು ಮಡಿಸುವ ಮೇಜಿನ ಸುತ್ತ ನಿಂತಿದ್ದರು. ಮೇಜಿನ ಮೇಲೆ ಹಾಲಿನ ಕೆನೆಯಂಥ ಶೀಟುಗಳ ಜೋಡಣೆ. ಗಂಟಕ್ಕ ಅದರ ಮೇಲೆ ಗಂಟು ಇಳಿಸಿದಳು.

"ಇದನ್ನ ನಾನು ಬಿಚ್ಚಲ್ಲ," ಎಂದಳು. "ಒಳಗೆ ಸೂಜಿ ಇರುತ್ತೆ. ದಿನಾ ಇರುತ್ತೆ. ಹಿಂದೆ ಗೋಡೆ ಮೇಲೆ ಗ್ಲೌಸು ನೇತಾಡ್ತಿದೆ, ನೀವು ಹೋದ ಮೇಲೆ ಅದೂ ಹೋಗುತ್ತೆ. ಕೇಳಿದ್ರೆ ಕೊರಳಿಗೆ ಹೇಲಿನ ಶೀಟು ಹಾಕಿ ಮೆರವಣಿಗೆ ಮಾಡ್ತಾರೆ. ನಿಮ್ಮಲ್ಲಿ ಒಬ್ಬರು ಬರಿಗೈಲಿ ಬಿಚ್ಚಿ ತೋರ್ಸಿ. ಆಮೇಲೆ ನಾನೂ ಬಿಚ್ತೀನಿ."

ಸೀಟಿ ಏದುಸಿರು ಬಿಡುತ್ತ ಬಂದ. ಮುಖದಲ್ಲಿ ಆಗಲೇ ನಗು ಅಂಟಿಸಿಕೊಂಡಿದ್ದ. "ತಲೆ ಸರಿಯಿಲ್ಲ ಸರ್ ಇವಳಿಗೆ. ನಮ್ಮಲ್ಲಿ ಸೂಜಿ ಬರೋ ಮಾತೇ ಇಲ್ಲ. ಎಲ್ಲಾ ವಾರ್ಡಲ್ಲೇ ನೋಡಿ ಕಳಿಸ್ತಾರೆ."

ದೊಡ್ಡವರಲ್ಲಿ ಒಬ್ಬ ವಾಚು ನೋಡಿಕೊಂಡ. "ಹಾಗಿದ್ರೆ ಬಿಚ್ಚಿ ತೋರ್ಸಿಬಿಡಿ. ಮುಗೀತಲ್ಲ."

ಸೀಟಿಯ ಕೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಯಿತು. ಅವನೂ ಗಂಟು ಹೊತ್ತವನೇ. ಒಳಗೇನಿರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಅವನ ಕಣ್ಣು ಸುತ್ತ ಹುಡುಕಿ ಬಾಗಿಲಲ್ಲಿ ನಿಂತವಳ ಮೇಲೆ ನಿಂತಿತು.

"ಚೂಟಿ. ಬಿಚ್ಚು."

ಗಂಟಕ್ಕ ಈ ಗಂಟನ್ನು ಸೀಟಿಯ ಕೈಗೋ ದೊಡ್ಡವರ ಕೈಗೋ ಎಂದು ಹೊತ್ತು ತಂದಿದ್ದಳು. ಇನ್ನೊಂದು ಕೈ ಅಲ್ಲಿದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

"ಬೇಡ ಕಣೇ. ಮುಟ್ಟಬೇಡ."

ಚೂಟಿ ತಾಯಿಯ ಮುಖ ನೋಡಲಿಲ್ಲ. ಮೇಜಿನ ಹತ್ತಿರ ಬಂದು ಗಂಟಿಗೆ ಕೈ ಹಾಕಿದಳು. ಗಂಟಕ್ಕ ಅವಳ ಮಣಿಕಟ್ಟು ಹಿಡಿದಳು. ಚೂಟಿ ಮೊಣಕೈಯಿಂದ ತಾಯಿಯ ಎದೆಗೆ ತಿವಿದು ಬಿಡಿಸಿಕೊಂಡಳು. ತಾಯಿ ಬಿಗಿದ ಗಂಟನ್ನು ಮಗಳು ಉಗುರಿನಿಂದ ಕಿತ್ತಳು. ಬಿಚ್ಚಿತು. "ಇಲ್ಲಿ ನೋಡಿ ಸರ್, ಏನೂ ಇಲ್ಲ" ಎನ್ನುತ್ತ ಬಟ್ಟೆಯೊಳಗೆ ಕೈ ತೂರಿಸಿದಳು. ಮಾತು ಅಲ್ಲಿಗೆ ನಿಂತಿತು.

ಅವಳು ಕೂಗಲಿಲ್ಲ. ಕೈ ತೆಗೆದು ಕೋಟಿನ ಜೇಬಿಗೆ ಇಟ್ಟುಕೊಂಡಳು. ಬಿಳಿ ಜೇಬಿನ ಮೇಲೆ ಕೆಂಪು ಚುಕ್ಕೆ ಮೂಡಿತು. ಚುಕ್ಕೆ ಅಗಲವಾಯಿತು.

ಮೊದಲು ಹಿಂದೆ ಸರಿದವನು ಸೀಟಿ. "ಇವಳನ್ನ ಹಿಂದಕ್ಕೆ ಕಳಿಸ್ರೋ," ಎಂದು ಕಿರುಚಿದ. "ಆ ಕೋಟು ಬಿಚ್ಚಿಸ್ರೋ. ಮೇಜು ಮುಟ್ಟಿಸಬೇಡಿ ಅವಳಿಗೆ. ಕೊಳೆಯವಳು ಕೊಳೆಯವಳೇ, ಎಲ್ಲಿಟ್ಟರೇನು!"

ದೊಡ್ಡವರು ಕೈ ತೊಳೆಯಲು ನೀರು ಕೇಳಿದರು. ಅವರು ಯಾರೂ ಏನನ್ನೂ ಮುಟ್ಟಿರಲಿಲ್ಲ.

ಸಂಜೆಯೊಳಗೆ ಸುದ್ದಿ ಬಂತು. ಎರಡು ಲಾಂಡ್ರಿಗೂ ಸೀಟಿಯೇ ಮ್ಯಾನೇಜರ್. ಗಲಾಟೆಯನ್ನು ಗಟ್ಟಿಯಾಗಿ ನಿಭಾಯಿಸಿದ ಎಂದು ದೊಡ್ಡವರು ಬೆನ್ನು ತಟ್ಟಿದರಂತೆ.

ಆಸ್ಪತ್ರೆಯಲ್ಲಿ ಚೂಟಿಗೆ ಇಂಜೆಕ್ಷನ್ ಕೊಟ್ಟರು. ಸೂಜಿ ಯಾವ ರೋಗಿಯದು ಎಂದು ಕೇಳಿದರು. ಅದನ್ನು ಯಾರು ಹೇಳಬಲ್ಲರು? ಮತ್ತೆ ಮತ್ತೆ ಬಂದು ರಕ್ತ ಪರೀಕ್ಷೆ ಮಾಡಿಸಿ, ಈಗಲೇ ಏನೂ ಹೇಳಲು ಬರುವುದಿಲ್ಲ ಎಂದರು. ಆ ಮಾತು ಗಂಟಕ್ಕನಿಗೆ ಹೊಸದಲ್ಲ. ಕೊಳೆ ಬದಿಯ ಹೆಂಗಸರು ಒಬ್ಬೊಬ್ಬರಾಗಿ ಆ ಮಾತು ಕೇಳಿ ಬಂದವರೇ. ಹಾಗೆ ಕಾದವರಲ್ಲಿ ಒಬ್ಬಳು ಕಾಯುತ್ತ ಕಾಯುತ್ತ ಬಟ್ಟೆಯ ಹಾಗೆ ತೆಳುವಾಗುತ್ತ ಹೋಗಿ ತೀರಿಕೊಂಡಿದ್ದಳು.

ಮನೆಯಲ್ಲಿ ಚೂಟಿ ಗೋಡೆಗೆ ಮುಖ ಮಾಡಿ ಕೂತಳು. ಗಂಟಕ್ಕ ಹತ್ತಿರ ಹೋದಾಗ ತಿರುಗಿದಳು.

"ಆ ಗಂಟು ತಂದಿಟ್ಟವಳು ನೀನು."

ಅದು ಸುಳ್ಳಾಗಿರಲಿಲ್ಲ. ಗಂಟಕ್ಕ ಅಲ್ಲಿಂದ ಎದ್ದು ಬಾಗಿಲ ಹೊರಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಕೂತಳು.

ಗಂಡ ಎದ್ದ. ಬೋಗುಣಿಯಲ್ಲಿ ಬಿಸಿನೀರು ತಂದ. ಮಗಳ ಕೈ ಹಿಡಿದು, ಪಟ್ಟಿ ಒದ್ದೆಯಾಗದ ಹಾಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ತೊಳೆದ. ತೊಳೆಯುತ್ತ ಮಾತನಾಡಿದ. ಎಷ್ಟೋ ದಿನದಿಂದ ಬಳಸದ ದನಿ, ಕಲ್ಲಿನ ಮೇಲೆ ಕಲ್ಲು ಎಳೆದ ಹಾಗೆ ಬಂತು.

"ಸೀಟೀನೇ ಗೆದ್ದ ಅಂತ ನಿನಗೆ ಹೇಳಿಕೊಟ್ಟವನು ನಾನು ಕಣಮ್ಮ."

"ನೀನೆಲ್ಲಿ ಹೇಳ್ದೆ? ನೀನು ಬಾಯೇ ಬಿಡ್ಲಿಲ್ಲ."

"ಅದೇ. ಬಾಯಿ ಬಿಡದೇ ದಿನಾ ಅದನ್ನೇ ಹೇಳ್ದೆ."

ಹೊರಗೆ ಕೂತ ಗಂಟಕ್ಕನಿಗೆ ಅದು ಕೇಳಿಸಿತು. ಒಳಗೆ ಮಗಳು ಅಳುವುದೂ ಕೇಳಿಸಿತು. ಹುಡುಗಿ ಅತ್ತು ಎಷ್ಟು ಕಾಲವಾಗಿತ್ತೋ.

ಬೆಳಿಗ್ಗೆ ಗಂಟಕ್ಕ ಲಾಂಡ್ರಿಗೆ ಹೋದಳು. ಇನ್ನು ಬರಕೂಡದು ಎಂದು ಹೇಳಿ ಕಳಿಸಿದ್ದರು. ಆದರೂ ಹೋದಳು. ಹೋಗಿ ಒಬ್ಬಳೇ ಬಾಗಿಲಲ್ಲಿ ಕೂರುವುದು ಎಂದುಕೊಂಡಿದ್ದಳು. ಒಳಗೆ ಕಾಲಿಟ್ಟರೆ ಸದ್ದಿಲ್ಲ. ಮಷೀನುಗಳು ನಿಂತಿದ್ದವು. ಹೆಂಗಸರೆಲ್ಲ ಗಂಟುಗಳ ಮೇಲೆ ಕೂತಿದ್ದರು. ಸ್ಟೂಲುಗಳನ್ನು ಒಯ್ದಿದ್ದರಲ್ಲ, ಬೇರೆ ಕೂರುವುದೆಲ್ಲಿ? ಒಂದು ಗಂಟೂ ಬಿಚ್ಚಿರಲಿಲ್ಲ. ನಡುವೆ ದೊಡ್ಡಮ್ಮ ಊದಿದ ಕಾಲು ಚಾಚಿಕೊಂಡು ಕೂತಿದ್ದಳು.

"ಬಾರೇ," ಎಂದಳು, ಕಿವುಡರು ಮಾತನಾಡುವ ಹಾಗೆ ಜೋರಾಗಿ. "ನೀನು ಬಿಚ್ಚಲ್ಲ ಅಂದ್ಯಂತೆ. ನಾವೂ ಬಿಚ್ಚಲ್ಲ. ಬಿಚ್ಚಿ ಬಿಚ್ಚಿ ಏನು ಸಿಕ್ತು?"

ಗಂಟಕ್ಕ ಅವಳ ಪಕ್ಕದಲ್ಲಿ ಕುಸಿದಳು. ಯಾರೂ ಘೋಷಣೆ ಕೂಗಲಿಲ್ಲ. ಕೂಗುವುದು ಅವರಿಗೆ ಬರುತ್ತಿರಲಿಲ್ಲ. ಕಿಂಡಿಯ ಆಚೆ ಬಿಳಿ ಬದಿಯವರ ಮುಖಗಳು ಬಂದು ಹೋಗುತ್ತಿದ್ದವು. ವಾರ್ಡುಗಳಿಂದ ಶೀಟು ಕೇಳಿ ಆಳು ಬಂದ, ಹೋದ, ಮತ್ತೆ ಬಂದ. ಬಿಸಿಲೇರಿತು. ಗಂಟುಗಳು ನಾರತೊಡಗಿದವು. ಕೆಲವರು ಹೆದರಿಕೆಯಿಂದ ಕಾಲು ಅಲ್ಲಾಡಿಸುತ್ತಿದ್ದರು. ಒಬ್ಬಳು ಕೂಸಿಗೆ ಹಾಲು ಕೊಡಬೇಕು ಎಂದು ಎದ್ದಳು, ಬಾಗಿಲವರೆಗೆ ಹೋದಳು, ವಾಪಸು ಬಂದು ಕೂತಳು.

ಆಗ ಚೂಟಿ ಬಂದಳು. ಹಿಂದಿನ ಬಾಗಿಲಿನಿಂದ. ಕೋಟು ಇರಲಿಲ್ಲ. ಕೈಗೆ ಪಟ್ಟಿ. ಒಳಗೆ ಬಂದು ದೊಡ್ಡಮ್ಮನ ಮುಂದೆ ನಿಂತಳು. ಏನೋ ಹೇಳಲು ಬಾಯಿ ತೆರೆದಳು. ದೊಡ್ಡಮ್ಮ ಅವಳ ಕೈ ನೋಡಿದಳು, ಮುಖ ನೋಡಿದಳು, ಕಣ್ಣು ಬೇರೆ ಕಡೆ ತಿರುಗಿಸಿದಳು. ಯಾರೂ ಸರಿದು ಜಾಗ ಕೊಡಲಿಲ್ಲ. ಗಂಟಕ್ಕನೂ ಕೊಡಲಿಲ್ಲ. ಮಗಳ ಕೈಯ ಪಟ್ಟಿ ನೋಡಿ ಅವಳ ಕರುಳು ಹಿಂಡಿತು. ಪಕ್ಕದಲ್ಲಿ ಕೂತ ದೊಡ್ಡಮ್ಮನ ಕೊರಳು ನೋಡಿ ಕಾಲು ಏಳಲಿಲ್ಲ. ಚೂಟಿ ಹೋಗಿ ಬಾಗಿಲ ಹತ್ತಿರ ನಿಂತಳು.

ಅಂಗಳದಲ್ಲಿ ಸದ್ದಾಯಿತು. ಸೀಟಿಯ ಚೇಲಾಗಳು ಟ್ರಾಲಿಯ ರಾಡುಗಳನ್ನು ಕಲ್ಲಿನ ಮೇಲೆ ಎಳೆಯುತ್ತ ಬರುತ್ತಿದ್ದರು. ಮುಂದಿದ್ದ ಸೀಟಿ ಬಾಗಿಲಲ್ಲಿ ನಿಂತವಳನ್ನು ಕಂಡು ಕೈಯೆತ್ತಿ ಚೇಲಾಗಳನ್ನು ತಡೆದ. ಅವನ ದನಿಯಲ್ಲಿ ಬೆಣ್ಣೆಯಿತ್ತು.

"ಚೂಟಿ, ನಿನ್ನೆ ಸಿಟ್ಟಲ್ಲಿ ಏನೋ ಅಂದೆ. ಮನಸಲ್ಲಿ ಇಟ್ಕೋಬೇಡ. ನಿನ್ನ ಔಷಧಿ, ಪರೀಕ್ಷೆ ಎಲ್ಲಾ ನಾನು ನೋಡ್ಕೋತೀನಿ. ಇವರನ್ನ ಎಬ್ಬಿಸಿಬಿಡು, ಸಾಕು. ನಿನ್ನ ಮಾತು ಕೇಳ್ತಾರೆ. ಹೊಡೆಯೋದು ಬಡಿಯೋದು ನನಗೂ ಬೇಡ."

ಮಗಳು ಹೋದರೆ ಔಷಧಿ ಸಿಗುತ್ತದೆ. ಹೋಗಲಿ ಎಂದು ಗಂಟಕ್ಕನ ಒಂದು ಮನಸ್ಸು ಬೇಡಿಕೊಂಡಿತು. ಅದೂ ಸುಳ್ಳಲ್ಲ.

ಚೂಟಿ ಅಂಗಳ ನೋಡಿದಳು. ಒಳಗೆ, ದೊಡ್ಡಮ್ಮನ ಕಡೆ ನೋಡಿದಳು. ಹೊಡೆಯುವವರು ಮೊದಲು ಯಾರನ್ನು ಹುಡುಕುತ್ತಾರೆ ಎಂಬುದು ಅಲ್ಲಿದ್ದವರಲ್ಲೆಲ್ಲ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಪಟ್ಟಿಯಿಲ್ಲದ ಕೈಯಿಂದ ಒಂದು ಗಂಟನ್ನು ಹೊಸ್ತಿಲವರೆಗೆ ಎಳೆದಳು. ಬಾಗಿಲಿಗೆ ಅಡ್ಡವಾಗಿ ಹಾಕಿದಳು. ಅದರ ಮೇಲೆ ಅಂಗಳಕ್ಕೆ ಮುಖ ಮಾಡಿ ಕೂತಳು.

"ನೀವೇ ಬಂದು ಎಬ್ಬಿಸಿ ಸರ್," ಎಂದಳು. "ನಾನು ಎಬ್ಬಿಸಲ್ಲ."

ಸೀಟಿಯ ಮುಖದ ಬೆಣ್ಣೆ ಕರಗಿತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ರಾಡುಗಳು ಮತ್ತೆ ಕಲ್ಲಿನ ಮೇಲೆ ಕರಕರ ಎಂದವು.

ಗಂಟಕ್ಕ ಎದ್ದಳು. ಕೂತಿದ್ದ ಗಂಟನ್ನು ದರದರ ಎಳೆದುಕೊಂಡು ಬಾಗಿಲಿಗೆ ಬಂದಳು.

"ಅಮ್ಮ, ನೀನು ಒಳಗಿರು," ಎಂದಳು ಚೂಟಿ, ತಿರುಗದೆ.

"ಸರ್ಕೋ," ಎಂದಳು ಗಂಟಕ್ಕ.

ಚೂಟಿ ಸರಿದು ಜಾಗ ಕೊಟ್ಟಳು.